ಯಾರೋ ಗೊತ್ತಿಲ್ಲ, ಆದರೆ ಕೆಟ್ಟವನು

ಹಾಡು ಕೇಳುವ ಪುಟ್ಟ ಪ್ಲೇಯರನ್ನು ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಮೂಲೆಯಲ್ಲಿ ಒಂದು ಡಬ್ಬಿ ಎದ್ದು ವಿಂಡೋಸ್ ಹೇಳುವ ಮಾತು ನಿಮಗೆಲ್ಲ ಗೊತ್ತೇ ಇದೆ. ನೀವು ಕೊನೆಗೆ ಜೋಡಿಸಿದ ಯುಎಸ್‌ಬಿ ಸಾಧನ ಕೆಟ್ಟಿದೆ, ಅದರ ಗುರುತು ಸಿಗುತ್ತಿಲ್ಲ. ಧೈರ್ಯ ನೋಡಿ ಇದರದ್ದು. ಬಂದವನು ಯಾರು ಅಂತ ಗೊತ್ತಿಲ್ಲ, ಆದರೆ ಕೆಟ್ಟವನು ಅನ್ನೋದು ಮಾತ್ರ ಖಾತ್ರಿ. ತಾನೇ ಕೆಟ್ಟಿರಬಹುದಾ ಅನ್ನುವ ಸಂಶಯ ಆ ಡಬ್ಬಿಗೆ ಇವತ್ತಿನವರೆಗೆ ಬಂದಿಲ್ಲ. ಅದೇ ಹೊತ್ತಿಗೆ ಪ್ಲೇಯರಿನ ಮೇಲೆ ಬ್ಯಾಟರಿ ಗೆರೆ ಏರುತ್ತಲೇ ಇರುತ್ತದೆ. ಕರೆಂಟು ಕೊಡುತ್ತಾರೆ, ಪರಿಚಯ ಮಾತ್ರ ಇಲ್ಲ.

ಪರಿಹಾರ ಕೇಳಿದಿರೋ, ಪ್ರಾಯಶ್ಚಿತ್ತ ಶುರು. ಆಫ್ ಮಾಡಿ ಆನ್ ಮಾಡಿ. ಬೇರೆ ಪೋರ್ಟಿಗೆ ಹಾಕಿ. ಕೇಬಲ್ ಬದಲಾಯಿಸಿ. ಡ್ರೈವರ್ ಕಿತ್ತು ಮತ್ತೆ ಹಾಕಿ. ಐಪಾಡ್ ಕಾಲದಲ್ಲಿ ಆಪಲ್‌ನವರು ಇದನ್ನೊಂದು ವ್ರತವನ್ನೇ ಮಾಡಿದ್ದರು. ರಿಸೆಟ್, ರಿಟ್ರೈ, ರಿಸ್ಟಾರ್ಟ್, ರಿಇನ್‌ಸ್ಟಾಲ್, ರಿಸ್ಟೋರ್. ಐದನೆಯದಕ್ಕೆ ಬರುವ ಹೊತ್ತಿಗೆ ಒಳಗಿದ್ದ ಹಾಡೆಲ್ಲ ಅಳಿಸಿ ಹೋಗುತ್ತದೆ. ಹಾಡೇ ಇಲ್ಲದ ಮೇಲೆ ತೊಂದರೆ ಎಲ್ಲಿಂದ ಬರಬೇಕು, ಅಲ್ವಾ?

ಈ ಸಲಹೆಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಕೇಬಲ್ ಬದಲಾಯಿಸಿ ಅನ್ನೋದು. ಯಾಕೆ ಅಂತ ಮಾತ್ರ ಹೇಳುವವರು ಕಡಿಮೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಬಲ್ ಕೇಳಿ ನೋಡಿ, ಅಂಗಡಿ ಹುಡುಗ ಮೊಬೈಲಿನಿಂದ ತಲೆ ಎತ್ತದೇ ಕೇಳುತ್ತಾನೆ, "ಡೇಟಾ ಬೇಕಾ ಸಾರ್, ಬರೀ ಚಾರ್ಜಿಂಗಾ?" ಹಳೇ ಯುಎಸ್‌ಬಿ ಕೇಬಲ್ ಸೀಳಿದರೆ ಒಳಗೆ ನಾಲ್ಕು ತಂತಿ. ಕೆಂಪು, ಕಪ್ಪು ಕರೆಂಟಿಗೆ. ಬಿಳಿ, ಹಸಿರು ಡೇಟಾಗೆ. ಬರೀ ಚಾರ್ಜಿಂಗಿನ ಕೇಬಲ್ಲಿನಲ್ಲಿ ಆ ಬಿಳಿ, ಹಸಿರನ್ನು ಹಾಕದೇ ಬಿಟ್ಟುಬಿಡುತ್ತಾರೆ. ಹೊರಗಿಂದ ಎರಡೂ ಒಂದೇ ಥರ. ಕವರಿನ ಮೇಲೆ ಒಂದು ಸಾಲು ಬರೆಯೋಕೆ ಎಷ್ಟು ಶಾಯಿ ಬೇಕು ಮಹಾರಾಯರೇ?

ರಿಪೇರಿ ಸಲಹೆಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಮೈಕ್ರೋಸಾಫ್ಟಿನ ಝೂನ್‌ಗೆ ಕೊಟ್ಟದ್ದು. ಐಪಾಡಿಗೆ ಸಡ್ಡು ಹೊಡೆಯಲು 2006ರಲ್ಲಿ ಬಂದ ಪ್ಲೇಯರ್ ಇದು. ಕಂದು ಬಣ್ಣದಲ್ಲೂ ಸಿಗುತ್ತಿತ್ತು, ಆ ಬಣ್ಣ ಆರಿಸಿದ ಪುಣ್ಯಾತ್ಮ ಯಾರೋ. ಗೆಳೆಯನಿಗೆ ವೈಫೈನಲ್ಲಿ ಹಾಡು ಕಳಿಸಬಹುದಿತ್ತು, ಅವನು ಮೂರು ಸಲ ಕೇಳಬಹುದು, ಇಲ್ಲವೇ ಮೂರು ದಿನ ಇಟ್ಟುಕೊಳ್ಳಬಹುದು, ಆಮೇಲೆ ಮುಗೀತು. ಇದಕ್ಕೂ ಮೊದಲು, 2004ರಲ್ಲಿ, ಬೇರೆ ಕಂಪನಿಗಳ ಪ್ಲೇಯರುಗಳಿಗೆ 'ಪ್ಲೇಸ್ ಫಾರ್ ಶ್ಯೂರ್' ಅಂತ ಚೀಟಿ ಅಂಟಿಸಿ, ಈ ಗುರುತು ಇದ್ದರೆ ಹಾಡು ಗ್ಯಾರಂಟಿ ಅಂದದ್ದೂ ಮೈಕ್ರೋಸಾಫ್ಟೇ. ಅದನ್ನು ನಂಬಿ ದುಡ್ಡು ಕೊಟ್ಟು ಕೊಂಡ ಹಾಡುಗಳು ಮೈಕ್ರೋಸಾಫ್ಟಿನದೇ ಝೂನ್‌ನಲ್ಲಿ ಹಾಡಲಿಲ್ಲ.

ಸಲಹೆಯ ಮಾತಿಗೆ ಬರೋಣ. 2008ರ ಡಿಸೆಂಬರ್ 31ರಂದು 30 ಜಿಬಿ ಝೂನ್‌ಗಳು ಎಲ್ಲ ಕಡೆ ಒಟ್ಟಿಗೇ ಮಲಗಿದವು. ಅದು ಅಧಿಕ ವರ್ಷ. 366ನೇ ದಿನ ಬಂದಾಗ ಏನು ಮಾಡಬೇಕು ಅಂತ ಗೊತ್ತಾಗದೆ ಒಳಗಿನ ಗಡಿಯಾರದ ಕೋಡು ಇದ್ದಲ್ಲೇ ಗಿರಗಿರ ತಿರುಗುತ್ತಿತ್ತು. ಕಂಪನಿಯ ಅಧಿಕೃತ ಪರಿಹಾರ: ಬ್ಯಾಟರಿ ಪೂರ್ತಿ ಇಳಿಯಲು ಬಿಡಿ, ಜನವರಿ 1ರಂದು ಗ್ರೀನಿಚ್ ಸಮಯ ಮಧ್ಯಾಹ್ನ 12 ಆದ ಮೇಲೆ ಚಾರ್ಜ್ ಮಾಡಿ. ದೆವ್ವ ಬಾಗಿಲು ತಟ್ಟೀತು ಅಂತ ನಮ್ಮಲ್ಲಿ ಗೋಡೆ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಥೇಟ್ ಅದೇ. ನಮ್ಮ ದೆವ್ವ ದಿನಾ ಅದನ್ನೇ ಓದಿ ವಾಪಸ್ ಹೋಗುತ್ತಿತ್ತು. ಝೂನ್ ಮರ್ಯಾದಸ್ಥ, ಮಾರನೇ ದಿನ ಹೇಳಿದ ಹೊತ್ತಿಗೆ ಬಂತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ನಾಗಬಹುದಿತ್ತು. ಯುರೋಪಿನ ಕಥೆ ಬೇರೆ. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಹುಡುಗರ ಲ್ಯಾಪ್‌ಟಾಪಿನಲ್ಲೂ ಈ ಕಥೆಯ ವಿಂಡೋಸ್ ಕೂತಿರಬಹುದು. 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ (ವಿಂಡೋಸ್ ಜೊತೆಗೇ ಬರುವ, ಹಾಡು ನುಡಿಸುವ ತಂತ್ರಾಂಶ) ಇಲ್ಲದ ವಿಂಡೋಸನ್ನೂ ಮಾರಬೇಕು ಅಂತ ಆಜ್ಞೆ ಮಾಡಿತು. ಜನ ತಮಗೆ ಬೇಕಾದ ಪ್ಲೇಯರ್ ಆರಿಸಿಕೊಳ್ಳಲಿ ಅಂತ. ಒಳ್ಳೆಯ ಮಾತೇ. ಕಂಪನಿ ಅದಕ್ಕೆ 'ರೆಡ್ಯೂಸ್ಡ್ ಮೀಡಿಯಾ ಎಡಿಷನ್' ಅಂತ ಹೆಸರಿಡಲು ಹೊರಟಿತು, ಕಮಿಷನ್ ಒಪ್ಪಲಿಲ್ಲ, ಕೊನೆಗೆ ಬರೀ 'ಎನ್' ಆಯಿತು. ಪ್ಲೇಯರ್ ಇದ್ದರೂ ಅದೇ ಬೆಲೆ, ಇಲ್ಲದಿದ್ದರೂ ಅದೇ ಬೆಲೆ. ಇಂಥದ್ದನ್ನು ಬೇಕಂತಲೇ ಕೇಳಿ ಕೊಂಡವರು ಎಷ್ಟು ಮಂದಿ ಇದ್ದಾರು? ಜನ ಆಗಲೇ ಆಪಲ್‌ನ ಐಟ್ಯೂನ್ಸ್ ಹಿಂದೆ ಹೊರಟಿದ್ದರು. 2007ರಲ್ಲಿ ಕೋರ್ಟು ಕಮಿಷನ್ ಹೇಳಿದ್ದೇ ಸರಿ ಅಂದಿತು. ವಿಂಡೋಸ್ 10 ಬಂದಾಗಲೂ ಎನ್ ಬಂತು, ಮತ್ತೆ ಆ ಎನ್‌ನಲ್ಲಿ ಮೀಡಿಯಾ ಪ್ಲೇಯರ್ ಜೊತೆ ಎಂಟಿಪಿಯೂ (ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್, ಫೈಲು ಸಾಗಿಸುವ ಭಾಷೆ) ಇಲ್ಲ. ಕೈಯಲ್ಲಿ ಹಿಡಿಯುವ ಎಷ್ಟೋ ಪ್ಲೇಯರುಗಳು ಕಂಪ್ಯೂಟರಿನ ಜೊತೆ ಮಾತಾಡುವುದು ಅದರ ಮೂಲಕ. ಆಂಡ್ರಾಯ್ಡ್ ಫೋನೂ ಅದೇ ದಾರಿಯಲ್ಲಿ ಬರಬೇಕು. ಪರಿಹಾರ ಏನು ಅಂದರೆ, ಮೀಡಿಯಾ ಫೀಚರ್ ಪ್ಯಾಕ್ ಅಂತ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಕಿತ್ತಿದ್ದನ್ನು ಮತ್ತೆ ಹಾಕಿಕೊಳ್ಳುವ ಸ್ವಾತಂತ್ರ್ಯ!

ನನಗೆ ಸಾಕಾಗಿದೆ. ಜಗಳ ಆಡಿದವರು ದೊಡ್ಡವರು, ರಾಜಿಯಾದವರೂ ಅವರೇ. ಯಾವುದೋ ಮನೆಯಲ್ಲಿ ವಯಸ್ಸಾದ ಅಪ್ಪ ವಚನದ ಫೈಲುಗಳನ್ನು ಪ್ಲೇಯರಿಗೆ ತುಂಬಲು ಹೋಗಿ, ಕಂಪ್ಯೂಟರಿನ ಬೆನ್ನ ಹಿಂದೆ ಬಗ್ಗಿ ಧೂಳಿನಲ್ಲಿ ಪೋರ್ಟು ತಡಕುತ್ತಾ, ಇದು ತನ್ನದೇ ತಪ್ಪಿರಬೇಕು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವಂತೆ ಮಾಡಿದ್ದು ಆ ಡಬ್ಬಿ. 'ಇದನ್ನು ಕಿತ್ತವರು ನಾವೇ, ಇಲ್ಲಿ ಒತ್ತಿದರೆ ಮತ್ತೆ ಬರುತ್ತದೆ' ಅಂತ ನೇರವಾಗಿ ಹೇಳೋಕೆ ಏನು ಕಷ್ಟ?

ಈಗ ಅದೇ ಯುರೋಪು 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್, ಹೆಡ್‌ಫೋನುಗಳಿಗೆಲ್ಲ ಯುಎಸ್‌ಬಿ-ಸಿ ತೂತು ಕಡ್ಡಾಯ ಮಾಡಿದೆ. ಚಾರ್ಜಿಂಗಿಗೆ. ಸರಿ, ಸಂತೋಷ. ಹಳೇ ಪ್ಲೇಯರ್ ಇಟ್ಟುಕೊಂಡವರು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಮೋಡ್ ಅಂತ ಇದೆಯಾ ನೋಡಿ. ಇದ್ದರೆ ಎಂಟಿಪಿ ತೆಗೆದು ಎಂಎಸ್‌ಸಿ ಮಾಡಿ. ಡೇಟಾ ಕೇಬಲ್ ಇದ್ದರೆ ಪೆನ್‌ಡ್ರೈವ್ ಥರ ಬಂದು ಕೂರುತ್ತದೆ, ಪ್ಯಾಕೂ ಬೇಡ, ಕೋರ್ಟೂ ಬೇಡ.