ಯೆರೆಮೀಯ 29:11 ಕಳಸೂಕಿಂತ ಮೊದಲ 29:10 ಓದ್ರಿ

ಇವತ್ತ ಮುಂಜಾನಿ ನಮ್ಮ ಚರ್ಚ್ ಸಭೆಯ ವಾಟ್ಸ್‌ಆ್ಯಪ್ ಗ್ರೂಪಿನ್ಯಾಗ ಒಬ್ಬರು ಕೇಳಿದ್ರು: ಪರಿಚಯದವರ ಸೊಸಾಯಿಟಿ ಸಾಲಕ್ಕ ಜಾಮೀನು ನಿಲ್ಲಲೋ ಬ್ಯಾಡೋ? ಗಳಿಗಿ ಕಳೆಯೂದ್ರಾಗ ಸೂರ್ಯೋದಯದ ಫೋಟೋ ಮ್ಯಾಲೆ ಬೈಬಲ್‌ನ ಯೆರೆಮೀಯ 29:11 ಬಂತು: ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿಂದಲ್ಲ, ಒಳ್ಳೇದ್ದು, ಮುಂದಿನ ದಿನಕ್ಕ ಭರವಸೆ ಕೊಡ್ತೀನಿ ಅನ್ನೂ ದೇವರ ಮಾತು. ಹಿಂದಿಂದ ಆಮೆನ್, ಆಮೆನ್. ಸಹಿ ಮಾಡಬೇಕೋ ಬ್ಯಾಡೋ ಅನ್ನೂದನ್ನ ಮಾತ್ರ ಒಬ್ಬರೂ ಹೇಳಲಿಲ್ಲ.

ಜಾಮೀನಿನ ಬಗ್ಗೆ ಬೈಬಲ್‌ನ್ಯಾಗ ನೇರ ಮಾತೇ ಐತ್ರಿ. ಜ್ಞಾನೋಕ್ತಿ 6:1-5 ತೆಗೀರಿ. ಮಾತು ಕೊಟ್ಟು ಸಿಕ್ಕೊಂಡಿದ್ರ ಈಗಿಂದೀಗ ಹೋಗು, ತಗ್ಗಿ ಬಗ್ಗಿ ಕೇಳ್ಕೊ, ಕಣ್ಣಿಗೆ ನಿದ್ದಿ ಹತ್ತಗೊಡಬ್ಯಾಡ, ಬೇಟೆಗಾರನ ಕೈಯಾಗಿಂದ ಜಿಂಕಿ ಪಾರಾದಂಗ ಪಾರಾಗು ಅಂತೈತಿ. 22:26-27 ಇನ್ನೂ ಖಡಕ್: ತೀರಸೂದು ಆಗದಿದ್ರ ನೀ ಮಲಗಿದ ಹಾಸಿಗೀನೂ ಎಳಕೊಂಡು ಹೋಗ್ತಾರ. ಇದು ಸೂರ್ಯೋದಯದ ಫೋಟೋಕ್ಕ ಹೊಂದೂದಿಲ್ಲ ಕಾಣಸ್ತದ, ಯಾರೂ ಕಳಸೂದಿಲ್ಲ. ಆದಿಕಾಂಡ 43ರಾಗ ಯೆಹೂದ ತಮ್ಮ ಬೆನ್ಯಾಮೀನಗ ಹೊಣೆ ನಿಂತಾನಲ್ಲಾ ಅಂತೀರಿ. ನಿಂತಾನ. ಮುಂದ 44:33ರಾಗ ತಮ್ಮನ ಬದಲಿ ನಾನೇ ಗುಲಾಮ ಆಗ್ತೀನಿ ಅಂತಲೂ ಹೇಳ್ತಾನ. ಅಷ್ಟಕ್ಕ ತಯಾರಿದ್ರ ಸಹಿ ಮಾಡ್ರಿ.

ಇನ್ನ ಆ ಬಡಪಾಯಿ 29:11. ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯ ಮಂದಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. 5ನೇ ವಚನದಾಗ ಅಲ್ಲೇ ಮನಿ ಕಟ್ಟಿಕೊಳ್ರಿ, ತೋಟ ಮಾಡ್ರಿ ಅಂತಾನ. 10ನೇ ವಚನದಾಗ 70 ವರ್ಷ ಆದ ಮ್ಯಾಲೆ ನಿಮ್ಮನ್ನ ತಿರುಗಿ ಕರಕೊಂಡು ಬರ್ತೀನಿ ಅಂತ ದೇವರ ಮಾತು. ಅಂದ್ರ ಪತ್ರ ಓದಿದವರಾಗ ಬಹಳ ಮಂದಿ ಊರು ಕಾಣೂದಕ್ಕಿಂತ ಮೊದಲೇ ಸಾಯವರು. ಎರಡೇ ವರ್ಷದಾಗ ಎಲ್ಲಾ ಸರಿ ಹೋಗತೈತಿ ಅಂದವ ಬ್ಯಾರೆ, ಹನನ್ಯ ಅನ್ನೂ ಪ್ರವಾದಿ. ಹಿಂದಿನ ಅಧ್ಯಾಯದಾಗ ಅದಾನ, ಸುಳ್ಳ ಪ್ರವಾದಿ ಅನಿಸಿಕೊಂಡು ಅದೇ ವರ್ಷ ಸತ್ತ. ನಾವು ಯೆರೆಮೀಯನ ವಚನ ಹಿಡಕೊಂಡು ಹನನ್ಯನ ಮಾತು ಹೇಳಾಕತ್ತೀವಿ.

ಫಿಲಿಪ್ಪಿ 4:13, ನನಗ ಬಲ ಕೊಡೂವಾತನಿಂದ ಎಲ್ಲಾ ಮಾಡಬಲ್ಲೆ ಅನ್ನೂದು, ಅದರದೂ ಅದೇ ಗತಿ. ಪರೀಕ್ಷಾ ಹಾಲ್‌ಟಿಕೆಟ್ಟಿನ ಹಿಂದ ಬರೀತಾರ. ಮ್ಯಾಲಿನ 12ನೇ ವಚನದಾಗ ಪೌಲ ಹೇಳೂದು ಹೊಟ್ಟಿ ತುಂಬಿದ್ರೂ ಸೈ, ಉಪವಾಸ ಇದ್ರೂ ಸೈ, ಎರಡನ್ನೂ ಕಲ್ತೀನಿ ಅಂತ. ಅದೂ ಸೆರೆಯಾಗಿದ್ದು. ಫೇಲಾದವರಿಗೂ ಅದೇ ವಚನ ಬೇಕಾಗತೈತಿ, ಆದ್ರ ಆವಾಗ ಯಾರೂ ಕಳಸೂದಿಲ್ಲ.

"ಧೈರ್ಯಕ್ಕ ಒಂದು ವಚನ ಸಾಕು, ಪವಿತ್ರಾತ್ಮನೇ ಮಾತಾಡ್ತಾನ" ಅನ್ನೂವ್ರು ಅದಾರ. ಆಗಲಿ. ಆದ್ರ ಮತ್ತಾಯ 4:6 ನೋಡ್ರಿ, ದೇವಾಲಯದ ತುದಿಯಿಂದ ಕೆಳಗ ಜಿಗಿ ಅಂತ ಯೇಸುಗ ಹೇಳೂ ಸೈತಾನನೂ, ದೇವದೂತರು ನಿನ್ನ ಕೈಯಾಗ ಹಿಡೀತಾರ ಅನ್ನೂ ಕೀರ್ತನೆ 91ರ ಎರಡು ಸಾಲು ಕಿತ್ತು ಬಾಯಿಪಾಠ ಒಪ್ಪಿಸ್ತಾನ. ಯೇಸು ಅದಕ್ಕ ಆಮೆನ್ ಅನ್ನಲಿಲ್ಲ, ದೇವರನ್ನ ಪರೀಕ್ಷೆ ಮಾಡಬ್ಯಾಡ ಅನ್ನೂ ಧರ್ಮೋಪದೇಶಕಾಂಡ 6:16 ಎತ್ತಿ ತೋರಿಸಿದ. 1837ರಾಗ ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ ಧಾರವಾಡಕ್ಕ ಬಂತು, 1841ರಾಗ ಬೆಟಗೇರಿಗೆ. ಇಷ್ಟು ತಲೆಮಾರು ಬೈಬಲ್ ಓದಿಯೂ ಡಿಸೆಂಬರ್ 31ರ ರಾತ್ರಿ ಹೊಸ ವರ್ಷಕ್ಕ ಒಂದು ವಚನ ಬರೆದ ವಾಗ್ದಾನದ ಚೀಟಿ ಎತ್ತೂದು ಗಿಣಿಶಾಸ್ತ್ರದಂಗೇ ನಡದೈತಿ.

ಮಾಡೂದು ಇಷ್ಟ: ವಚನ ಸಿಕ್ಕ ಕೂಡಲೇ ಅಧ್ಯಾಯ ಪೂರ್ತಿ ಓದ್ರಿ. ಯಾರು, ಯಾರಿಗೆ, ಯಾವ ಹೊತ್ತಿನ್ಯಾಗ ಹೇಳಿದ್ದು ನೋಡ್ರಿ. ಪತ್ರ ಆದ್ರ ಮೊದಲಿಂದ ಓದ್ರಿ. ಫಿಲಿಪ್ಪಿ ಬರೇ 4 ಅಧ್ಯಾಯ, ಚಹಾ ಕುದಿಯೂದ್ರಾಗ ಅರ್ಧಾ ಮುಗೀತೈತಿ. ಜ್ಞಾನೋಕ್ತಿ 31 ಅಧ್ಯಾಯ, ತಾರೀಖಿಗೊಂದು. ಅಲ್ಲಿನ ಮಾತು ವಾಗ್ದಾನ ಅಲ್ಲ, ಅನುಭವದ ಮಾತು, ಹೊತ್ತು ನೋಡಿ ಹಚ್ಚಬೇಕು. 26:4 ಮೂರ್ಖನಿಗೆ ಅವನ ಮೂರ್ಖತನದಂಗ ಉತ್ತರ ಕೊಡಬ್ಯಾಡ ಅಂತೈತಿ, 26:5 ಕೊಡು ಅಂತೈತಿ. ಈ ಪೋಸ್ಟ್ ಹಾಕೂ ಮುಂಚೆ ಎರಡನ್ನೂ ಓದೀನಿ, 5ಕ್ಕ ನಿಂತೀನಿ.

ಜಗಳ ಆದ್ರ ಏನು ಮಾಡಬೇಕು ಅಂತ ಮತ್ತಾಯ 18:15-17ರಾಗ ಕ್ರಮವಾಗಿ ಐತಿ. ಮೊದಲ ಒಬ್ಬನೇ ಹೋಗಿ ಅವನ ಕೂಡ ಮಾತಾಡು. ಕೇಳದಿದ್ರ ಒಬ್ಬಿಬ್ಬರನ್ನ ಕರಕೊಂಡು ಹೋಗು. ಆಮ್ಯಾಲೆ ಸಭೆಗೆ ಹೇಳು. ನಮ್ಮವರು ಮೂರನೇದ್ರಿಂದ ಚಾಲೂ ಮಾಡ್ತಾರ, ಅದೂ ಗ್ರೂಪಿನ್ಯಾಗ. ಅದೇ ಮಾತಿನ ಬಾಲಕ್ಕಿರೂ 18:20, ಇಬ್ಬರು ಮೂವರು ನನ್ನ ಹೆಸರಿನ್ಯಾಗ ಕೂಡಿದಲ್ಲಿ ನಾ ಇರ್ತೀನಿ ಅನ್ನೂದು, ಪ್ರಾರ್ಥನಾ ಕೂಟಕ್ಕ ಮಂದಿ ಬರದಿದ್ದಾಗ ಸಮಾಧಾನಕ್ಕ ಹೇಳೂ ವಚನ ಆಗೇತಿ.