ಕೈಗೆಟುಕುವ ದರ

ಹಾಂಗ್‌ಕಾಂಗ್‌ಗೆ ಹೋಗೋಣ ಅಂತ ಹಟ ಹಿಡಿದವಳು ನಾನು. ರೂಮ್ ಬುಕ್ ಮಾಡಿದವರು ನಮ್ಮೆಜಮಾನ್ರು. ಇಷ್ಟು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

"ನೋಡೇ, ಅಲ್ಲಿನ ಮುಖ್ಯ ರಸ್ತೆ ನೇಥನ್ ರೋಡ್ ಮೇಲೇ ಇದೆ. ಕೈಗೆಟುಕುವ ದರ!" ಅಂತ ಮೊಬೈಲ್ ತೋರಿಸಿದ್ದರು. ಫೋಟೋದಲ್ಲಿ ಮಂಚದ ಮೇಲೆ ಟವೆಲನ್ನು ಹಂಸದ ಹಾಗೆ ಮಡಚಿಟ್ಟಿದ್ದರು. ನಾನು ಆ ಹಂಸಕ್ಕೆ ಮರುಳಾದೆ.

ನಮ್ಮ ರೂಮಿದ್ದ ಚುಂಗ್‌ಕಿಂಗ್ ಮ್ಯಾನ್ಷನ್ಸ್ 1961ರ ಕಟ್ಟಡ. 17 ಮಹಡಿ, ಒಳಗೆ ಎಲ್ಲಿ ನೋಡಿದರೂ ಸಣ್ಣಪುಟ್ಟ ಗೆಸ್ಟ್‌ಹೌಸ್‌ಗಳು. ಕಾಲಿಡುತ್ತಲೇ ಸಮೋಸ ಕರಿಯುವ ವಾಸನೆ. ಚಡ್ಡಿಯಲ್ಲಿದ್ದ ನಮ್ಮವರನ್ನು ಒಬ್ಬ ಹಿಂದಿಯಲ್ಲಿ "ಸೂಟ್ ಹೊಲಿಸ್ತೀರಾ ಸಾರ್?" ಅಂತ ಕೇಳಿದ. ಪಾಪ, ಅವನ ಕಣ್ಣಿಗೆ ಏನು ಕಂಡಿತೋ!

ನಮ್ಮ ಬ್ಲಾಕಿಗೆ ಎರಡು ಲಿಫ್ಟ್. ಒಂದು ಸಮ ಸಂಖ್ಯೆಯ ಮಹಡಿಗಳಿಗೆ, ಇನ್ನೊಂದು ಬೆಸಕ್ಕೆ. ನಮ್ಮದು 14. ಉದ್ದದ ಕ್ಯೂ ದಾಟಿ ಒಳಗೆ ಕಾಲಿಟ್ಟೆವು, ಭಾರ ಜಾಸ್ತಿ ಅಂತ ಲಿಫ್ಟ್ ಕುಂಯ್ ಅಂದಿತು. ಎಲ್ಲರೂ ನನ್ನನ್ನು ನೋಡಿದರು. ನಾನು ಸೂಟ್‌ಕೇಸ್ ನೋಡಿದೆ. ಅದರಲ್ಲಿ ಅವಲಕ್ಕಿ, ಚಟ್ನಿಪುಡಿ, ಎರಡು ಕೇಜಿ ಕೋಡುಬಳೆ. ಬಿಡೋಕಾಗುತ್ತಾ? ನಮ್ಮವರನ್ನೇ ಇಳಿಸಿದೆ. ಅವರು ಬೆಸದ ಲಿಫ್ಟಿನಲ್ಲಿ 15ಕ್ಕೆ ಹೋಗಿ ಒಂದು ಮಹಡಿ ಇಳಿದು ಬಂದರು.

ರೂಮಿನ ಬಾಗಿಲು ತೆಗೆದರೆ ಮಂಚ. ಮಂಚ ಮಾತ್ರ. ಗೋಡೆಯಿಂದ ಗೋಡೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಸೂಟ್‌ಕೇಸ್ ತೆರೆಯಬೇಕಾದರೆ ಅದನ್ನು ಮಂಚದ ಮೇಲಿಟ್ಟು ಒಬ್ಬರು ಬಚ್ಚಲಿಗೆ ಹೋಗಬೇಕು. ಬಚ್ಚಲಲ್ಲೋ, ಶವರ್ ಇರುವುದು ಸೀದಾ ಕಮೋಡ್ ನೆತ್ತಿಗೆ. ನಿಂತರೆ ಮೊಣಕೈ ಗೋಡೆಗೆ ತಾಗುತ್ತೆ, ಕೂತರೆ ಸ್ನಾನ ಸಲೀಸು. ನಮ್ಮವರು ಬೆಳಿಗ್ಗೆ ಹಾಗೇ ಕೂತು ಸೋಪು ಹಚ್ಚಿಕೊಂಡು "ಎಷ್ಟು ಅನುಕೂಲ ನೋಡು" ಅಂದರು! ಪೇಪರ್ ಸುರುಳಿ ನೆನೆದು ಹಿಟ್ಟಿನ ಮುದ್ದೆ ಆಗಿತ್ತು. ಪರದೆ ಸರಿಸಿದರೆ ಕಿಟಕಿಯ ಆಚೆ ಪಕ್ಕದವರ ಎಸಿ, ತೊಟ್ಟಿಕ್ಕುತ್ತಾ ಇತ್ತು. ಹಂಸ ಮಾತ್ರ ಎಲ್ಲೂ ಇರಲಿಲ್ಲ. ಕೇಳಿದರೆ ಟವೆಲಿಗೆ ಬೇರೆ ದುಡ್ಡಂತೆ.

ರೂಮಿಗೆ ಹೋಗುವ ಭಯಕ್ಕೇ ಊರು ಚೆನ್ನಾಗಿ ನೋಡಿದೆವು. ಬಂದರು ದಾಟಿಸುವ ಸ್ಟಾರ್ ಫೆರಿ ದೋಣಿಯಲ್ಲಿ ಸುಮ್ನೆ ಆಚೆ ಹೋಗಿ ಈಚೆ ಬಂದೆವು. ರಾತ್ರಿ 8ಕ್ಕೆ ಬಂದರಿನ ಎದುರಿನ ಕಟ್ಟಡಗಳ ಮೇಲೆ ಲೇಸರ್ ಆಟ. ಅದು ಮುಗಿದ ಮೇಲೂ ಅಲ್ಲೇ ಕೂತು ಕೋಡುಬಳೆ ತಿಂದೆವು.

ಅಷ್ಟರಲ್ಲಿ ಅತ್ತೆ ಫೋನ್ ಮಾಡಿದರು. "ರೂಮು ಹೇಗಿದೆಯಮ್ಮಾ?"

ನಮ್ಮವರು ಬೇಡ ಬೇಡ ಅಂತ ಕೈಸನ್ನೆ ಮಾಡುತ್ತಿದ್ದರು.

"ಚೆನ್ನಾಗಿದೆ ಅತ್ತೆ," ಅಂದೆ. "ಮಲಗಿದಲ್ಲೇ ಎಲ್ಲಾ ಕೈಗೆಟುಕುತ್ತೆ. ಸ್ವಿಚ್ಚು, ಬಾಗಿಲು, ನಲ್ಲಿ, ಎರಡೂ ಕಡೆ ಗೋಡೆ."