ಆಷಾಢದ ಬಾಡಿಗೆ

ಈಗಷ್ಟೇ ಹಾಸನದ ವಿದ್ಯಾನಗರದಿಂದ ಬಂದು ಕುಳಿತಿದ್ದೇನೆ. ಕಾಫಿಯೂ ರುಚಿಸುತ್ತಿಲ್ಲ. ಅಲ್ಲಿ ಬಾಡಿಗೆ ಮನೆಯಲ್ಲಿದ್ದ ನನ್ನ ಅಕ್ಕನ ಮಗನಿಗೆ ಮೈಸೂರಿಗೆ ವರ್ಗವಾಗಿದೆ. ಅವನ ಸಾಮಾನನ್ನು ಗಾಡಿಗೆ ಹತ್ತಿಸಿ, ಅಡ್ವಾನ್ಸ್ ಇಸಿದುಕೊಂಡು ಬರೋಣವೆಂದು ಹೋಗಿದ್ದೆ. ಗಾಡಿ ಹೋಯಿತು, ಅಡ್ವಾನ್ಸ್ ಬರಲಿಲ್ಲ.

ಹುಡುಗ ಜೂನ್ 8ರಂದೇ ಕಾಗದದಲ್ಲಿ ನೋಟಿಸ್ ಬರೆದುಕೊಟ್ಟು, ಪ್ರತಿಯ ಮೇಲೆ ಮಾಲೀಕರ ಸಹಿ ಹಾಕಿಸಿಕೊಂಡಿದ್ದ. ಕರಾರಿನಲ್ಲಿರುವುದು ‘ಉಭಯತ್ರರೂ ಒಂದು ತಿಂಗಳ ಮುಂಚಿತ ನೋಟಿಸ್ ಕೊಡತಕ್ಕದ್ದು’ ಎಂದು, ಅಂದರೆ ಮಾಲೀಕರು, ಬಾಡಿಗೆದಾರರು ಇಬ್ಬರೂ. ಇವತ್ತು ಜುಲೈ 8. ಲೆಕ್ಕ ಮುಗಿಯಿತು ತಾನೇ? ಇಲ್ಲವಂತೆ. ತಿಂಗಳ ನಡುವೆ ಕೊಟ್ಟ ನೋಟಿಸನ್ನು ಮುಂದಿನ ಒಂದನೇ ತಾರೀಖಿನಿಂದ ಎಣಿಸಬೇಕಂತೆ, ಹಾಗಾಗಿ ಜುಲೈ ಪೂರ್ತಿ ಬಾಡಿಗೆಯಂತೆ. ಅದನ್ನೂ ನುಂಗಿಕೊಂಡೆವು. ಆಮೇಲೆ ಬಂತು ನೋಡಿ: ‘ಈಗ ಆಷಾಢ, ಮನೆ ನೋಡಲು ಯಾರೂ ಬರುವುದಿಲ್ಲ. ಶ್ರಾವಣದಲ್ಲಿ ಹೊಸಬರು ಕೊಟ್ಟ ಅಡ್ವಾನ್ಸಿನಿಂದ ನಿಮ್ಮದನ್ನು ಕೊಡುತ್ತೇನೆ, ಅಲ್ಲಿಯವರೆಗಿನ ಬಾಡಿಗೆ ಮುರಿದುಕೊಂಡು.’

ಗೃಹಪ್ರವೇಶಕ್ಕೆ ಆಷಾಢ ಆಗದು ಎಂದು ಕೇಳಿದ್ದೆ. ಅಡ್ವಾನ್ಸ್ ಹಿಂದಿರುಗಿಸುವುದಕ್ಕೂ ಆಗದೆಂದು ನಮ್ಮ ಮನೆಯ ಪಂಚಾಂಗದಲ್ಲಂತೂ ಇಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮನ್ನು ಅವರ ಮುಂದೆಯೇ ಮೊಬೈಲಿನಲ್ಲಿ ತೆಗೆದು ಓದಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು, ಕೊಡುವವರು ಯಾರೇ ಆಗಿರಲಿ. ದಿನ ಎಣಿಸುವುದು ನೋಟಿಸ್ ಕೈಸೇರಿದಂದಿನಿಂದ. ಬಾಡಿಗೆ ತಿಂಗಳ ಕೊನೆಗೇ ಗಡುವು ಮುಗಿಯಬೇಕೆಂಬ ಷರತ್ತು ಹಿಂದೆ ಇತ್ತು, 2002ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಮಾಲೀಕರು ಕೇಳಿಸಿಕೊಂಡು, ‘ಅದೆಲ್ಲ ಬೆಂಗಳೂರಿನವರಿಗೆ ಸ್ವಾಮಿ’ ಎಂದರು. ನೋಟಿಸಿನ ವಿಷಯದಲ್ಲಿ ಇವರು ಹಳೆಯ ಕಾಲದವರು. 11 ತಿಂಗಳಿಗೊಮ್ಮೆ ಹೊಸ ಕರಾರು ಮಾಡಿ ಬಾಡಿಗೆ ಏರಿಸುವಾಗ ಮಾತ್ರ ಬಹಳ ಆಧುನಿಕರು. ಆ ಸ್ಟಾಂಪ್ ಪೇಪರಿನ ದುಡ್ಡೂ ಹುಡುಗನದೇ.

ಬಾಡಿಗೆ 9,000, ಅಡ್ವಾನ್ಸ್ 80,000. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಆದರೆ ಅದು ಶೋಕೇಸಿನ ಗೊಂಬೆ, ರಾಜ್ಯಗಳು ತಮ್ಮದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ.

ಮಾಲೀಕರಿಗೂ ಕಷ್ಟವಿದೆ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಕರೆಂಟ್ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಪರಾರಿಯಾದವರ ಕಥೆ ನನಗೂ ಗೊತ್ತು. ಅಡ್ವಾನ್ಸ್ ಇರುವುದೇ ಅಂಥವರಿಗಾಗಿ. ತಿಂಗಳು ಮೊದಲೇ ಹೇಳಿ, ಬಿಲ್ ಕಟ್ಟಿ, ಗೋಡೆಯ ಮೊಳೆ ಕಿತ್ತು ತೂತು ಮುಚ್ಚಿದವನೂ ಶ್ರಾವಣದವರೆಗೆ ಕಾಯಬೇಕೇ?

ಇಷ್ಟು ಕೂಗಾಡಿ ಮನೆಗೆ ಬರುವಾಗ ದಾರಿಯಲ್ಲಿ ನೆನಪಾಗಿದ್ದನ್ನು ಬರೆಯದಿದ್ದರೆ ನಿದ್ದೆ ಬಾರದು. 2014ರಲ್ಲಿ ನಮ್ಮ ಮಹಡಿ ಮನೆಯಲ್ಲಿದ್ದ ಮೇಷ್ಟರಿಗೆ, ನಮ್ಮ ಮಗಳು ಬಾಣಂತನಕ್ಕೆ ಬರುತ್ತಾಳೆಂದು, ಹತ್ತೇ ದಿನದಲ್ಲಿ ಖಾಲಿ ಮಾಡಿ ಎಂದಿದ್ದೆ. ಆಗಲೂ ಆಷಾಢವೇ. ಅವರ ತಾಯಿ, ‘ಈ ತಿಂಗಳೊಂದು ಕಳೆಯಲಿ’ ಎಂದು ಕೇಳಿಕೊಂಡರು. ನಮ್ಮ ಕರಾರಿನಲ್ಲೂ ‘ಉಭಯತ್ರರೂ’ ಎಂದೇ ಇತ್ತು, ಬರೆಸಿದ್ದವನು ನಾನೇ. ಮೇಷ್ಟರು ಒಂಬತ್ತನೆಯ ದಿನ ಬೀಗದ ಕೈ ತಂದುಕೊಟ್ಟರು. ಸುಣ್ಣಬಣ್ಣದ ಲೆಕ್ಕದಲ್ಲಿ ಐದು ಸಾವಿರ ಹಿಡಿದುಕೊಂಡಿದ್ದೆ. ಬಣ್ಣ ಹೊಡೆಸಲೇ ಇಲ್ಲ.

ಸೋಮವಾರ ನೋಟಿಸಿನ ಜೆರಾಕ್ಸ್ ಹಿಡಿದು ವಿದ್ಯಾನಗರಕ್ಕೆ ಮತ್ತೆ ಹೋಗುತ್ತೇನೆ. ಬಿಡುವಿರುವ ವಕೀಲ ಮಿತ್ರರು ಯಾರಾದರೂ ಜೊತೆಗೆ ಬನ್ನಿ. ಹಾಗೆಯೇ, ಆ ಮೇಷ್ಟರು ಈಗ ಎಲ್ಲಿದ್ದಾರೆಂದು ಬಲ್ಲವರು ನನಗೊಂದು ಫೋನ್ ಮಾಡಿ.